ಸೋಬಾನೆಯ ಮೇಲೆ ಗಟ್ಟಿಮೇಳ

ಮಾಸ್ಟರ್ ತೀರಿಕೊಂಡ ನಾಲ್ಕನೆಯ ದಿನ ಅವರ ಅಭಿಮಾನಿಗಳು ಎಂದು ಹೇಳಿಕೊಂಡು ಇಬ್ಬರು ನನ್ನ ಅಂಗಡಿಗೆ ಬಂದರು. ಶಿವಗಣಾರಾಧನೆಯ ದಿನ ಹಂಚುವುದಕ್ಕೆ ಒಂದು ಸಣ್ಣ ಪುಸ್ತಕ ಮಾಡುತ್ತಿದ್ದೇವೆ, ಅಚ್ಚು ಹಾಕುವುದು ಹೇಗೂ ನಿಮ್ಮದೇ, ಜೊತೆಗೆ ಎರಡು ಪುಟ ನೀವೂ ಬರೆಯಬೇಕು ಎಂದರು. "ಇಪ್ಪತ್ತು ವರ್ಷ ಜೊತಿಗಿದ್ದೋರು ನೀವು. ಒಳ್ಳೇದು ನಾಕು ಮಾತು ಬರ್ಕೊಡ್ರಿ, ಸಾಕು," ಎಂದರು. ಆಗಲಿ ಎಂದು ಕೂತೆ. ಒಳ್ಳೆಯ ಮಾತು ಮೂರಕ್ಕೇ ಮುಗಿದವು. ಹೊತ್ತಿಗೆ ಸರಿಯಾಗಿ ಬರುತ್ತಿದ್ದರು. ಕುಡಿಯುತ್ತಿರಲಿಲ್ಲ. ಬಹಳ ಚೆನ್ನಾಗಿ ನುಡಿಸುತ್ತಿದ್ದರು. ಆ ಮೂರನ್ನೇ ದಪ್ಪ ಅಕ್ಷರದಲ್ಲಿ ಹಾಕಿ, ಪಕ್ಕದಲ್ಲಿ ದೊಡ್ಡದೊಂದು ಫೋಟೊ ಇಟ್ಟು ಪುಟ ತುಂಬಿಸಿದೆ. ಅದರಲ್ಲಿ ಹಿಡಿಸದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೆಸರು ಬರೆಯುವುದಿಲ್ಲ. ಬೇಕಾದವರು ಶಿಕಾರಿಪುರದ ಯಾವುದಾದರೂ ಕಲ್ಯಾಣ ಮಂಟಪದ ಗೋಡೆ ನೋಡಬಹುದು, ಕೆಂಪು ಬಣ್ಣದಲ್ಲಿ ಇನ್ನೂ ಹಾಗೇ ಇದೆ. ಈ ಕಡೆ ಬ್ಯಾಂಡ್‌ಸೆಟ್ ಎಂದರೆ ಅವರದು, ಸ್ಯಾಕ್ಸೋಫೋನ್ ಎಂದರೆ ಅವರು. ಚಿಕ್ಕವರು ದೊಡ್ಡವರು ಎಲ್ಲರೂ ಮಾಸ್ಟರ್ ಎಂದೇ ಕರೆಯುತ್ತಿದ್ದರು. ನನ್ನದು ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿ. ಮದುವೆಯ ದಿನಗಳಲ್ಲಿ ಅಂಗಡಿಗೆ ಬಾಗಿಲು ಹಾಕಿಕೊಂಡು ಅವರ ಸೆಟ್ಟಿನಲ್ಲಿ ಕೀಬೋರ್ಡ್ ನುಡಿಸುತ್ತಿದ್ದೆ.

ಅವರನ್ನು ನೆನೆದರೆ ನನಗೆ ಮೊದಲು ಕಾಣುವುದು ಅವರ ಬಾಯಿ. ಸ್ಯಾಕ್ಸೋಫೋನಿನ ತುದಿಗೆ ಕಟ್ಟುವ ತೆಳ್ಳಗಿನ ಬೆತ್ತದ ಚೂರನ್ನು ರೀಡ್ ಎನ್ನುತ್ತಾರೆ. ಅದು ಒದ್ದೆಯಾಗಿದ್ದರೇ ಸ್ವರ ಸರಿಯಾಗಿ ಹೊರಡುವುದು. ಬೇರೆಯವರು ನುಡಿಸುವ ಮೊದಲು ಒಂದು ನಿಮಿಷ ಬಾಯಲ್ಲಿಟ್ಟು ನೆನೆಸಿಕೊಳ್ಳುತ್ತಾರೆ. ನಮ್ಮ ಮಾಸ್ಟರ್ ಅದನ್ನು ಎಲೆ ಅಡಿಕೆಯ ಹಾಗೆ ದವಡೆಗೆ ಒತ್ತಿಕೊಂಡೇ ಊರೆಲ್ಲ ಸುತ್ತುತ್ತಿದ್ದರು. ಮದುವೆ ಗೊತ್ತು ಮಾಡಲು ದೊಡ್ಡ ಮನುಷ್ಯರು ಯಾರಾದರೂ ಬಂದರೆ ಅದನ್ನು ಬಾಯಿಂದ ತೆಗೆದು ನನ್ನ ಅಂಗೈಯಲ್ಲಿ ಇಡುತ್ತಿದ್ದರು. "ಹಿಡ್ಕ," ಎನ್ನುವರು. ಅವರ ಮಾತು ಮುಗಿಯುವವರೆಗೂ ಬೆಚ್ಚಗಿನ, ಜೊಲ್ಲು ಇಳಿಯುವ ಆ ಚೂರನ್ನು ಹಿಡಿದುಕೊಂಡು ನಿಲ್ಲಬೇಕಾಗಿತ್ತು. ಸೋಪು ಹಾಕಿ ಕೈ ತೊಳೆದುಕೊಂಡರೂ ಊಟಕ್ಕೆ ಕೂತಾಗ ವಾಸನೆ ಬಂದ ಹಾಗೆ ಆಗುತ್ತಿತ್ತು. ಹೇಸಿಗೆ ಪಟ್ಟುಕೊಂಡೆ, ಆದರೆ ಒಂದು ದಿನವೂ ಬೇಡ ಎನ್ನಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಜರಿ ಪಟ್ಟಿಯ ಕೆಂಪು ಕೋಟು ಒಂದಿತ್ತು. ಅದು ನೀರು ಕಂಡದ್ದನ್ನು ನಾನು ನೋಡಿಲ್ಲ. ಮೀಸೆಗೆ ಹಚ್ಚಿದ ಬಣ್ಣ ಬೇಸಿಗೆಯ ಮುಹೂರ್ತದಲ್ಲಿ ಬೆವರಿನ ಜೊತೆ ತುಟಿಗೆ ಇಳಿಯುತ್ತಿತ್ತು, ಅದನ್ನು ಹೆಗಲ ಮೇಲಿನ ಶಲ್ಯದಿಂದ ಒರೆಸಿ, ಅದೇ ಶಲ್ಯದಿಂದ ವಾದ್ಯವನ್ನೂ ಒರೆಸುತ್ತಿದ್ದರು. ವಾದ್ಯದೊಳಗೆ ಸೇರಿದ ಎಂಜಲು ನೀರನ್ನು ಮಂಟಪದ ಬಾಳೆಕಂದಿನ ಬುಡಕ್ಕೆ ಸುರಿದು, ಆ ಕೈಯಲ್ಲೇ ತಟ್ಟೆಯಿಂದ ಲಾಡು ಎತ್ತಿಕೊಳ್ಳುತ್ತಿದ್ದರು. ಕಾರಿನಲ್ಲಿ ಬಂದವರಿಗೆ ಸೊಂಟ ಮುರಿಯುವಷ್ಟು ಬಗ್ಗಿ "ಬರ್ರೀ, ಬರ್ರೀ," ಎನ್ನುವ ಮನುಷ್ಯ ನಮ್ಮ ಕಡೆ ತಿರುಗಿದಾಗ "ಏನ್ ನೋಡ್ತೀಯಲೇ, ಊದು" ಎನ್ನುವ ಮನುಷ್ಯನಾಗುತ್ತಿದ್ದ. ಒಂದೇ ಮುಖದಲ್ಲಿ ಅಷ್ಟು ಬೇಗ ಎರಡು ಮುಖ ಬರುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆದರೆ ಗಟ್ಟಿಮೇಳಕ್ಕೆ ಅವರನ್ನು ಮೀರಿಸುವವರಿರಲಿಲ್ಲ. ತಾಳಿ ಕಟ್ಟುವ ಗಳಿಗೆಗೆ ಮದುವೆ ಮಾಡಿಸುವ ಅಯ್ಯನವರು ಕೈ ಎತ್ತಿದರೆ ಸಾಕು, ನಾವೆಲ್ಲ ಒಟ್ಟಿಗೆ, ಇದ್ದಬದ್ದ ಉಸಿರನ್ನೆಲ್ಲ ಹಾಕಿ ಬಾರಿಸಬೇಕು. ಆ ಹೊತ್ತಿನಲ್ಲಿ ಯಾರೋ ಸೀನಿದ್ದು, ಯಾರೋ ಅತ್ತದ್ದು, ಅಮಂಗಳದ ಸದ್ದು ಯಾವುದೂ ವಧೂವರರ ಕಿವಿಗೆ ಬೀಳಬಾರದು. ಹೊಸದಾಗಿ ಸೆಟ್ಟಿಗೆ ಸೇರಿದವರಿಗೆ ಮಾಸ್ಟರ್ ಮೊದಲು ಕಲಿಸುತ್ತಿದ್ದ ಪಾಠ ಅದೇ. "ಎಲ್ರೂ ಕಿವಿ ನಿಮಿರ್ಸಿ ಕುಂತಿರೋ ಜಾಗದಾಗೇ ಜೋರಾಗಿ ಊದ್ಬೇಕು. ಅಲ್ಲಿ ಸುಮ್ನಿದ್ರೆ ಕೆಲ್ಸ ಕೆಟ್ಟಂಗೆ," ಎನ್ನುತ್ತಿದ್ದರು. ಆಗ ಅದು ನನಗೆ ಕಸುಬಿನ ಮಾತಾಗಿಯಷ್ಟೇ ಕೇಳಿಸುತ್ತಿತ್ತು.

ಅವರ ಹತ್ತಿರ ಒಂದು ಹಳೆಯ ಕ್ಯಾಸೆಟ್ ಇತ್ತು. ಹರೆಯದಲ್ಲಿ ಕರಾವಳಿಯ ಕಡೆ ಹೋಗಿ ವಾದ್ಯ ಕಲಿಯುತ್ತಿದ್ದಾಗ ಯಾರೋ ಕೊಟ್ಟದ್ದು. ಹೊದಿಕೆ ಹರಿದುಹೋಗಿ ಯಾರದೆಂದು ಅವರಿಗೂ ಗೊತ್ತಿರಲಿಲ್ಲ. ಪರದೇಶದ ಹೆಂಗಸೊಬ್ಬಳು ಹಾಡುತ್ತಿದ್ದಳು, ಬ್ಯಾಂಡಿನ ಯಜಮಾನ ಸ್ಯಾಕ್ಸೋಫೋನಿನಲ್ಲಿ ಅವಳಿಗೆ ಉತ್ತರ ಕೊಡುತ್ತಿದ್ದ. ಜಾಜ್ ಅಂತಾರೆ ಇದಕ್ಕೆ ಎಂದು ಮಾಸ್ಟರ್ ಹೇಳಿದ ಮೇಲೆಯೇ ನನಗೆ ಆ ಹೆಸರು ಗೊತ್ತಾದದ್ದು. ಮದುವೆ ಮುಗಿಸಿ ಮಧ್ಯಾಹ್ನ ಟೆಂಪೋದಲ್ಲಿ ವಾಪಸು ಬರುವಾಗ ಉಳಿದವರೆಲ್ಲ ಊಟದ ಭಾರಕ್ಕೆ ತೂಕಡಿಸುತ್ತಿದ್ದರೆ ಅವರು ಡ್ರೈವರಿನ ಪಕ್ಕ ಕೂತು ಅದನ್ನು ಹಾಕಿಸುತ್ತಿದ್ದರು. ನನ್ನ ತೊಡೆ ತಟ್ಟಿ ಎಬ್ಬಿಸುತ್ತಿದ್ದರು.

"ಕೇಳಿಲ್ಲಿ. ಆಯಮ್ಮ ಹಾಡ್ತಾಳೆ ನೋಡು. ಇವ್ನು ಉಸ್ರು ಹಿಡ್ಕಂಡು ಕಾಯ್ತಾನೆ. ಅಕಿ ಮುಗ್ಸಾತನಕ ತುಟಿ ಬಿಚ್ಚಂಗಿಲ್ಲ. ಈಗ ಬಂದ. ಒಬ್ರ ಮ್ಯಾಲೊಬ್ರು ಬೀಳಂಗಿಲ್ಲ, ಅಷ್ಟೇ ಅದ್ರ ಗುಟ್ಟು."

ಆ ಮಾತನ್ನು ಹೇಳುವಾಗ ಅವರ ಬಾಯಲ್ಲಿ ರೀಡ್ ಇರುತ್ತಿರಲಿಲ್ಲ. ಮುಖವೂ ಬೇರೆಯಾಗಿರುತ್ತಿತ್ತು. ಅಂಥದೊಂದು ಹಾಡಿನ ಗುಚ್ಛ ನಾವೂ ಮಾಡಬೇಕು, ನಮ್ಮ ಪದ, ನಮ್ಮ ದನಿ, ನನ್ನ ವಾದ್ಯ ಎನ್ನುತ್ತಿದ್ದರು. ದನಿ ಯಾರದು ಎಂದು ಕೇಳಿದರೆ ಸಿಗ್ತತಿ ತಡಿ ಎನ್ನುತ್ತಿದ್ದರು.

ಸಿಕ್ಕಿತು. ಹದಿನೈದು ವರ್ಷದ ಕೆಳಗೆ, ಸೊರಬದ ಕಡೆ ಕುಪ್ಪಗಡ್ಡೆಯ ಒಂದು ಮದುವೆಯಲ್ಲಿ. ಅರಿಶಿನದ ಶಾಸ್ತ್ರ ನಡೆಯುತ್ತಿತ್ತು. ಐದು ಜನ ಮುತ್ತೈದೆಯರು ಮೈಕಿನ ಮುಂದೆ ಸೋಬಾನೆ ಹೇಳುತ್ತಿದ್ದರು. ಒಂದೊಂದು ನುಡಿ ಮುಗಿದ ಮೇಲೆ ಮುಂದಿನದು ಮರೆತು ಅವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವರು. ಆಗ ಅಡುಗೆಯ ಚಪ್ಪರದಿಂದ ಒಂದು ದನಿ ಮುಂದಿನ ಸಾಲನ್ನು ಎತ್ತಿಕೊಡುತ್ತಿತ್ತು, ಇವರು ಅದನ್ನು ಹಿಡಿದುಕೊಂಡು ಮುಂದೆ ಹೋಗುತ್ತಿದ್ದರು. ವಾದ್ಯದ ನೀರು ಚೆಲ್ಲಲು ಹಿಂದೆ ಹೋದ ಮಾಸ್ಟರ್ ಅಲ್ಲೇ ನಿಂತುಬಿಟ್ಟರು. ಬದನೆಕಾಯಿ ಹೆಚ್ಚುತ್ತ, ತಲೆಯೆತ್ತದೆ, ಪದ ಎತ್ತಿಕೊಡುತ್ತಿದ್ದವರು ನೀಲಮ್ಮ.

ಆ ಊರಿನ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದರು. ತಾಯಿಯಿಂದ ಕಲಿತ ಸೋಬಾನೆ ಪದಗಳು ಅವರಿಗೆ ಎಷ್ಟು ಬರುತ್ತಿದ್ದವೆಂದು ಅವರಿಗೇ ತಿಳಿಯದು. ಮೊದಲು ಸುತ್ತಲಿನ ಹಳ್ಳಿಗಳಲ್ಲಿ ಅವರಿಲ್ಲದೆ ಮದುವೆಯ ಹಸೆ ಬರೆಯುತ್ತಿರಲಿಲ್ಲವಂತೆ. ಗಂಡ ತೀರಿಕೊಂಡ ಮೇಲೆ ಯಾರೂ ಕರೆಯಲಿಲ್ಲ. ಸೋಬಾನೆ ಮುತ್ತೈದೆಯರ ಪದ. ಆದರೆ ಪದ ಗೊತ್ತಿದ್ದವರು ಬೇರೆ ಯಾರೂ ಇರಲಿಲ್ಲವಲ್ಲ, ಅದಕ್ಕೆ ಊರು ತನಗೆ ಅನುಕೂಲವಾದ ದಾರಿ ಮಾಡಿಕೊಂಡಿತ್ತು. ಅಡುಗೆಗೆ ಕರೆಯುವುದು, ಚಪ್ಪರದ ಹಿಂದೆ ಕೂರಿಸುವುದು, ಪದವನ್ನು ಆ ಕಡೆಯಿಂದ ಈಸಿಕೊಳ್ಳುವುದು. ಅವರ ದನಿ ಬೇಕು, ಹಣೆ ಮಾತ್ರ ಬೇಡ.

ಮಾಸ್ಟರ್ ಮರುವಾರವೇ ನನ್ನನ್ನು ಕರೆದುಕೊಂಡು ನೀಲಮ್ಮನ ಮನೆಗೆ ಹೋದರು. ಜಗಲಿಯ ಮೇಲೆ ಕೂತು ಕ್ಯಾಸೆಟ್ಟಿನ ಕತೆಯನ್ನೆಲ್ಲ ಹೇಳಿದರು. ನೀಲಮ್ಮ ಬಾಗಿಲ ಹತ್ತಿರ ನಿಂತು ಕೇಳಿಸಿಕೊಂಡರು.

"ನಾನು ಮದ್ವೆ ಪದ ಹೇಳಾದು ಬಿಟ್ಟು ಆರು ವರ್ಷ ಆತು. ಹೇಳಂಗೂ ಇಲ್ಲ," ಎಂದರು.

"ಮದ್ವಿಯಾಗೆ ಹೇಳಂಗಿಲ್ಲ, ಸರಿ. ರೆಕಾರ್ಡಿಂಗ್‌ನಾಗೆ ಯಾರ ಹಣಿ ಯಾರಿಗೆ ಕಾಣ್ತತ್ರಿ?" ಎಂದರು ಮಾಸ್ಟರ್.

ಆ ಮಾತು ನನಗೆ ಆಗ ಬಹಳ ದೊಡ್ಡದಾಗಿ ಕಂಡಿತ್ತು. ನೀಲಮ್ಮ ಒಳಗೆ ಹೋಗಿ ಟೀ ತಂದರು. ಲೋಟ ಕೆಳಗಿಟ್ಟು, "ಒಂದು ಮಾತು ಕೊಡಿ ಹಂಗಾರೆ. ನನ್ನ ಹೆಸ್ರು ಹಾಕ್ಬೇಕು, ಊರ ಹೆಸ್ರೂ ಹಾಕ್ಬೇಕು. ಇವು ನಮ್ಮವ್ವನ ಪದ. ಯಾರ ಬಾಯಿಂದ ಬಂದ್ವು ಅಂತ ಆದ್ರೂ ನಾಕು ಜನಕ್ಕೆ ಗೊತ್ತಾಗ್ಲಿ," ಎಂದರು. ಬೇರೆ ಏನನ್ನೂ ಕೇಳಲಿಲ್ಲ. ಮಾಸ್ಟರ್ ವಾದ್ಯವನ್ನು ಚೀಲದಿಂದ ತೆಗೆದು ಅದರ ಮೇಲೆ ಕೈಯಿಟ್ಟು, "ಇದ್ರ ಮ್ಯಾಲೆ ಆಣಿ," ಎಂದರು.

ರೆಕಾರ್ಡಿಂಗ್ ನಡೆದದ್ದು ನನ್ನ ಅಂಗಡಿಯ ಮಹಡಿಯಲ್ಲಿ. ಮದುವೆಗಳಿಗೆ ಶಾಮಿಯಾನ, ಸ್ಪೀಕರ್ ಬಾಡಿಗೆಗೆ ಕೊಡುವ ಪರಮೇಶಿಯಿಂದ ಜಮಖಾನೆಗಳನ್ನು ತಂದು ಗೋಡೆಗೆಲ್ಲ ನೇತುಹಾಕಿ, ಕಂಪ್ಯೂಟರಿಗೆ ಎರಡು ಮೈಕ್ ಸೇರಿಸಿದೆ. ಶನಿವಾರ ಶಾಲೆ ಅರ್ಧ ದಿನ. ನೀಲಮ್ಮ ಪಾತ್ರೆ ತೊಳೆದಿಟ್ಟು ಬಸ್ಸು ಹತ್ತಿ, ಶಿರಾಳಕೊಪ್ಪದಲ್ಲಿ ಇನ್ನೊಂದು ಬಸ್ಸು ಹಿಡಿದು ಬರುತ್ತಿದ್ದರು. ಐದು ಶನಿವಾರ ಹಾಗೆ ಬಂದರು. ಮಾಸ್ಟರ್ ಅವರನ್ನು ಎದುರಿಗೇ ಕೂರಿಸಿಕೊಂಡು ನುಡಿಸಿದರು. ಅವರು ಹಾಡುವಾಗ ಮಾಸ್ಟರ್ ವಾದ್ಯವನ್ನು ತುಟಿಗೆ ಹಚ್ಚಿ, ಕಣ್ಣು ಮುಚ್ಚಿ, ಸುಮ್ಮನಿರುತ್ತಿದ್ದರು. ಪದ ಮೇಲಕ್ಕೇರಿ, ತುದಿಯಲ್ಲಿ ಒಂದು ಗಳಿಗೆ ನಿಂತು, ಇಳಿದು ಮುಗಿದ ಮೇಲೆ, ಇನ್ನೂ ಒಂದು ಉಸಿರಿನಷ್ಟು ಹೊತ್ತು ಕಾದು, ಆಮೇಲೆ ಮೆಲ್ಲಗೆ ಬರುತ್ತಿದ್ದರು. ಒಂಬತ್ತು ಪದ. ಆ ಮನುಷ್ಯ ಅಷ್ಟು ಚೆನ್ನಾಗಿ ನುಡಿಸಿದ್ದನ್ನು ಅದಕ್ಕೆ ಮೊದಲೂ ನಾನು ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ. ಕೊನೆಯ ಶನಿವಾರ ನೀಲಮ್ಮ ಬಸ್ಸಿಗೆ ಹೊರಟಾಗ ಮಾಸ್ಟರ್ ಎದ್ದು ನಿಂತು ಕೈ ಮುಗಿದರು. ಕಾರಿನವರಿಗೆ ಮುಗಿಯುವ ಹಾಗಲ್ಲ, ಬೇರೆ ರೀತಿಯಲ್ಲಿ. ಬರೆಯಲು ಕೂತಾಗ ಈ ಒಂದು ವಿಷಯಕ್ಕೆ ನನ್ನ ಕೈ ತಡೆಯುತ್ತದೆ, ಮರುಕ್ಷಣ ಅದೇ ವಿಷಯಕ್ಕೆ ಇನ್ನೂ ಹೆಚ್ಚು ಸಿಟ್ಟು ಬರುತ್ತದೆ.

ಅದೇ ವಾರ ಅಡಿಕೆ ಮಂಡಿಯ ಸಾಹುಕಾರರೊಬ್ಬರು ಮಗನ ಲಗ್ನಪತ್ರಿಕೆ ಆರಿಸಲು ಅಂಗಡಿಗೆ ಬಂದರು. ಬ್ಯಾಂಡ್‌ಸೆಟ್ಟೂ ನಮ್ಮದೇ ಆಗಬೇಕಾಗಿತ್ತು, ಹಾಗಾಗಿ ಮಾಸ್ಟರ್ ಅಲ್ಲೇ ಇದ್ದರು. ಹೆಮ್ಮೆಗೆ ಒಂದು ಪದ ಹಾಕಿಸಿದರು. ಸಾಹುಕಾರರು ತಲೆದೂಗಿದರು, ಇನ್ನೊಮ್ಮೆ ಹಾಕ್ರಿ ಎಂದರು, ಯಾರು ಹೇಳಿದ್ದು ಎಂದು ಕೇಳಿದರು. ಮಾಸ್ಟರ್ ಹೇಳಿದರು, ಪೂರ್ತಿ ಹೇಳಿದರು. ಸಾಹುಕಾರರಿಗೆ ಸಿಟ್ಟೇನೂ ಬರಲಿಲ್ಲ. ಕೈಯಲ್ಲಿದ್ದ ಪತ್ರಿಕೆಯ ಮಾದರಿಯನ್ನು ಮೇಜಿನ ಮೇಲಿಟ್ಟು, ಬಹಳ ಮೆತ್ತಗೆ, "ಬ್ಯಾರೆ ಯಾರೂ ಸಿಗಲಿಲ್ಲೇನಪ್ಪಾ ನಿನಗೆ? ಮಂಗಳ ಕಾರ್ಯದ ಪದ ಅಲ್ಲೇನು ಇದು?" ಎಂದರು. ಅವರ ಹಿಂದಿನ ಗೋಡೆಯಲ್ಲಿ ನಾನು ತೂಗುಹಾಕಿದ್ದ ಶರಣರ ಚಿತ್ರಕ್ಕೆ ಅವರೇ ಬರುವಾಗ ಕೈ ಮುಗಿದಿದ್ದರು. ಮಾಸ್ಟರ್ ನಕ್ಕರು. ಹೌದ್ರೀ, ಹೌದ್ರೀ ಎಂದು ಬಗ್ಗಿದರು.

ಮಾರನೆಯ ದಿನ ಬೆಳಿಗ್ಗೆ ವಾದ್ಯದ ಸಮೇತ ಮಹಡಿ ಹತ್ತಿದರು. ಬಾಯಲ್ಲಿ ರೀಡ್ ಇತ್ತು.

"ಅಕಿ ದನಿ ಮ್ಯಾಲೇರೋ ಜಾಗ ಎಲ್ಲಾ ಹಾಕು, ಅದ್ರ ಮ್ಯಾಲೆ ನಾನು ಊದ್ತೀನಿ," ಎಂದರು.

"ಅಲ್ಲಿ ಕಾದೀರಲ್ಲ ಮಾಸ್ಟರ್. ಅದೇ ಅಲ್ಲೇನು ಚೆಂದ?" ಎಂದೆ. ನಾನು ಆಡಿದ್ದು ಅದೊಂದೇ ಮಾತು.

"ಚೆಂದ ತಗಂಡು ಏನ್ ಮಾಡ್ತೀ? ನಾಳಿ ಯಾರಾರ ಈ ದನಿ ಗುರ್ತು ಹಿಡಿದ್ರೆ ಒಂದು ಮದ್ವಿಗೂ ಕರಿಯಂಗಿಲ್ಲ ನನ್ನ. ಜನ ಕಿವಿ ನಿಮಿರ್ಸೋ ಜಾಗ ಅದು. ಅಲ್ಲೇ ಗಟ್ಟಿಮೇಳ ಹೊಡೀಬೇಕು."

ಒಂಬತ್ತು ಪದಕ್ಕೂ ಹೊಡೆದರು. ನೀಲಮ್ಮನ ದನಿ ಹತ್ತಿ ನಿಲ್ಲುವ ಪ್ರತಿಯೊಂದು ತುದಿಯ ಮೇಲೂ ಸ್ಯಾಕ್ಸೋಫೋನ್ ಬಂದು ಬಿತ್ತು. ಹೊರಗಿನಿಂದ ಕೇಳುವವನಿಗೆ ಬಹಳ ಹುರುಪಾಗಿ ಕೇಳುತ್ತಿತ್ತು. ದನಿ ಇದೆ, ಆದರೆ ಯಾರದೆಂದು ಹೇಳಲು ಬಾರದ ಹಾಗೆ ಅಡಿಯಲ್ಲಿ ಎಲ್ಲೋ ಇದೆ. ಕೆಲಸ ಮುಗಿಸಿ ಅವರು ಎಂಜಲು ನೀರನ್ನು ನನ್ನ ಕಿಟಕಿಯ ಹೊರಗೆ ಚೆಲ್ಲಿದರು, "ಹಳೇದನ್ನ ಅಳ್ಸಿಬಿಡು" ಎಂದು ಹೇಳಿ ಇಳಿದುಹೋದರು.

ನಾನು ಅಳಿಸಲಿಲ್ಲ. ಬೇರೊಂದು ಹೆಸರಿನಲ್ಲಿ ಬಚ್ಚಿಟ್ಟೆ. ಅದನ್ನೊಂದು ಪುಣ್ಯದ ಕೆಲಸವೆಂದು ಹದಿನೈದು ವರ್ಷ ನಂಬಿಕೊಂಡಿದ್ದೆ.

ಹೊದಿಕೆ ಮಾಡಿದವನೂ ನಾನೇ. 'ಜಾಜ್ ಸೋಬಾನೆ' ಎಂದು ದೊಡ್ಡದಾಗಿ ಬರೆದೆ. ಕೆಳಗೆ ಮೊದಲೇ ಜೋಡಿಸಿಟ್ಟಿದ್ದ 'ಗಾಯನ: ನೀಲಮ್ಮ, ಕುಪ್ಪಗಡ್ಡೆ' ಎಂಬ ಸಾಲನ್ನು ಮಾಸ್ಟರ್ ಅಳಿಸು ಎಂದರು. ಈ ಬೆರಳಲ್ಲೇ ಒತ್ತಿ ಅಳಿಸಿದೆ. ಆ ಜಾಗ ಖಾಲಿ ಕಾಣುತ್ತದೆ ಎಂದದ್ದಕ್ಕೆ ಮನೆಗೆ ಹೋಗಿ ಹೆಂಡತಿಯನ್ನು ಕರೆತಂದರು. ಸರೋಜಕ್ಕ ರೇಷ್ಮೆ ಸೀರೆ ಉಟ್ಟು, ಕಾಸಿನಗಲ ಕುಂಕುಮ ಇಟ್ಟು, ಕೈತುಂಬ ಹಸಿರು ಬಳೆ ತೊಟ್ಟು ಬಂದಿದ್ದರು. ಅವರ ಕೈಗೆ ಮೈಕ್ ಕೊಟ್ಟು, ಪಕ್ಕದಲ್ಲಿ ವಾದ್ಯ ಹಿಡಿದು ನಿಂತು, ಫೋಟೊ ತೆಗಿ ಎಂದರು. "ನಾನು ಹಾಡಂಗಿಲ್ಲಲ್ರೀ," ಎಂದರು ಸರೋಜಕ್ಕ. "ಹಾಡು ಅಂದೋರ್ಯಾರು? ನಿಂತ್ಕ," ಎಂದರು ಮಾಸ್ಟರ್.

ಸಿಡಿ ಕೈಸೇರಿದ ದಿನ ನೀಲಮ್ಮ ನನಗೆ ಫೋನ್ ಮಾಡಿದರು. ಹೊದಿಕೆಯನ್ನು ಶಾಲೆಯ ಮೇಷ್ಟ್ರ ಹತ್ತಿರ ಓದಿಸಿದ್ದರು. ಅದರ ಬಗ್ಗೆ ಏನೂ ಕೇಳಲಿಲ್ಲ.

"ಸಿಡಿ ಹಾಕೋದು ನಮ್ಮನೇಲಿಲ್ಲ. ನನ್ನ ದನಿ ಕೇಳ್ತದಾ ಅದ್ರಲ್ಲಿ?" ಎಂದರು.

"ಚೆನ್ನಾಗಿ ಕೇಳ್ತತ್ರಿ," ಎಂದೆ.

ಸಿಡಿ ಯಾರೂ ನಿರೀಕ್ಷಿಸದಷ್ಟು ಓಡಿತು. ಅಲ್ಲಿಂದಾಚೆಗೆ ಈ ಕಡೆಯ ಮದುವೆಗಳಲ್ಲಿ ಬೆಳಿಗ್ಗೆ ಮಂಟಪಕ್ಕೆ ದೀಪ ಹಚ್ಚುವ ಹೊತ್ತಿಗೆ ಪರಮೇಶಿಯ ಸ್ಪೀಕರಿನಿಂದ ಅದೇ. ಸೋಬಾನೆ ಹೇಳುವ ಹೆಂಗಸರನ್ನು ಕರೆಯುವ ಚಿಂತೆಯೂ ತಪ್ಪಿತು. ದಂಪತಿಗಳಿಗೆ ಸನ್ಮಾನಗಳಾದವು. ಶಾಲು ಹೊದಿಸಿದ ಮೇಲೆ ಯಾರಾದರೂ ಅಕ್ಕಾರು ಒಂದು ಪದ ಹೇಳಲಿ ಎಂದು ಕೂಗಿದರೆ ಮಾಸ್ಟರ್ ಮೈಕ್ ಹಿಡಿದು ಮುಖ ಸಣ್ಣಗೆ ಮಾಡಿಕೊಂಡು, "ನಮ್ಮ ಮನೆಯಾಕಿಗೆ ಗಂಟ್ಲು ಸರಿಯಿಲ್ರೀ," ಎನ್ನುವರು. ಗಂಟಲು ಹದಿನೈದು ವರ್ಷ ಸರಿಯಾಗಲಿಲ್ಲ. ಸರೋಜಕ್ಕ ಏಪ್ರಿಲ್ ಬಿಸಿಲಿನಲ್ಲೂ ಕೊರಳಿಗೆ ಮಫ್ಲರ್ ಸುತ್ತಿಕೊಂಡು, ಸಭೆಗಳಲ್ಲಿ ಬಿಸಿನೀರು ಗುಟುಕರಿಸುತ್ತ ಕೂರುತ್ತಿದ್ದರು. ಸುಳ್ಳನ್ನು ಅಷ್ಟು ಸಲೀಸಾಗಿ, ಅಷ್ಟು ಸಿಹಿಯಾಗಿ ಹೇಳುವ ಆ ಬಾಯನ್ನು ನೋಡಿದರೆ ನನಗೆ ಹೇಸಿಗೆಯಾಗುತ್ತಿತ್ತು. ಹೇಸುತ್ತಲೇ ಕೀಬೋರ್ಡ್ ನುಡಿಸುತ್ತಿದ್ದೆ.

ನನ್ನ ಮಗಳ ಮದುವೆಯೂ ಬಂತು. ಕುಪ್ಪಗಡ್ಡೆಗೆ ನಾನೇ ಹೋಗಿ ನೀಲಮ್ಮನಿಗೆ ಪತ್ರಿಕೆ ಕೊಟ್ಟೆ. ಹಾಡಲು ಬನ್ನಿ ಎನ್ನಲು ಬಾಯಿ ಬರಲಿಲ್ಲ. ಬೀಗರು ಏನಂದುಕೊಳ್ಳುತ್ತಾರೋ ಎಂಬ ಅಳುಕು. ಅವರೂ ಕೇಳಲಿಲ್ಲ, ಬಂದರು. ಊಟಕ್ಕೆ ಕೂತಾಗ ಅವರ ಎಲೆ ಸ್ಪೀಕರಿನ ಕೆಳಗೇ ಬಿದ್ದಿತ್ತು. ನಾನು ಪಂಕ್ತಿಯಲ್ಲಿ ಉಪಚಾರ ಹೇಳುತ್ತ ಹೋಗುತ್ತಿದ್ದೆ. ದನಿ ಏರುತ್ತ ಹೋಗಿ, ತುದಿ ಮುಟ್ಟುವ ಹೊತ್ತಿಗೆ ಸ್ಯಾಕ್ಸೋಫೋನ್ ಬಂದು ಬಿತ್ತು. ನೀಲಮ್ಮನ ಕೈ ಎಲೆಯ ಮೇಲೆ ನಿಂತಿತು. ಆಮೇಲೆ ಕಲಸಿದ ಅನ್ನವನ್ನು ಬಾಯಿಗಿಟ್ಟುಕೊಂಡರು. ನನ್ನ ಕಡೆ ನೋಡಿ, "ಪಾಯ್ಸ ಚೆನ್ನಾಗಿದೆ," ಎಂದರು.

ಮಾಸ್ಟರ್ ಸತ್ತದ್ದು ಎದೆ ಹಿಡಿದುಕೊಂಡು, ಮನೆಯಲ್ಲೇ, ಹಗಲು ಹೊತ್ತಿನಲ್ಲಿ. ಹೆಚ್ಚು ನರಳಲಿಲ್ಲ ಎಂದು ಎಲ್ಲರೂ ಸಮಾಧಾನ ಪಟ್ಟುಕೊಂಡರು. ಗಣಾರಾಧನೆಯ ದಿನ ನಾನು ಪುಸ್ತಕದ ಕಟ್ಟು ಹೊತ್ತುಕೊಂಡು ಹೋದೆ. ಪರಮೇಶಿ ಕುರ್ಚಿ ಇಳಿಸುತ್ತಿದ್ದ. ಅವನು ಒಳ್ಳೆಯವನು, ಯಾರಿಗೂ ಕೇಡು ಬಯಸಿದವನಲ್ಲ. ಪಡಸಾಲೆಯ ಹತ್ತಿರ ನನ್ನನ್ನು ನಿಲ್ಲಿಸಿ ದನಿ ತಗ್ಗಿಸಿ ಹೇಳಿದ.

"ನಾಡಿದ್ದು ತೊಗರ್ಸಿಯಾಗೆ ಮದ್ವಿ ಐತ್ರಿ. ಸೋಬಾನಿ ಸಿಡಿ ಹಾಕಬ್ಯಾಡ ಅಂತ ಹೇಳಿ ಕಳ್ಸ್ಯಾರೆ. ಅಕ್ಕಾರಿಗೇ ಹಿಂಗಾತಲ್ಲ. ಮಂಗಳ ಕಾರ್ಯದಾಗೆ ಅವ್ರ ದನಿ ಹೆಂಗ್ ಹಾಕಾದು ಅಂತಾರೆ. ನಂಗೂ ಹೌದು ಅನ್ನಿಸ್ತು."

ನನಗೆ ಒಂದು ಕ್ಷಣ ನಗು ಬಂತು. ಹಾಡಿದವರಿಗೆ ಗಂಡನಿಲ್ಲ ಎಂದು ಗೊತ್ತಾದರೆ ಮದುವೆಗೆ ಕರೆಯುವುದಿಲ್ಲ ಎಂದು ಹೆದರಿ ಮಾಸ್ಟರ್ ಆಣೆ ಮುರಿದಿದ್ದರು, ಅದೇ ಗತಿಯನ್ನು ತಾವು ಸತ್ತು ತಮ್ಮ ಹೆಂಡತಿಯ ಹಣೆಗೆ ತಂದಿಟ್ಟಿದ್ದರು. ಹದಿನೈದು ವರ್ಷ ಈ ತಾಲೂಕುಗಳ ಮದುವೆಗಳನ್ನೆಲ್ಲ ಗಂಡ ಸತ್ತ ಹೆಂಗಸಿನ ದನಿಯೇ ನಡೆಸಿಕೊಟ್ಟಿತ್ತು. ಆ ಮಕ್ಕಳೆಲ್ಲ ಚೆನ್ನಾಗಿಯೇ ಬಾಳುತ್ತಿದ್ದಾರೆ. ಅದನ್ನು ಪರಮೇಶಿಗೆ ಹೇಳಬೇಕಾಗಿತ್ತು. ನಾನು ಪುಸ್ತಕದ ಕಟ್ಟನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡೆ.

ಹೇಳಿದ್ದು ಸರೋಜಕ್ಕ. ಪಡಸಾಲೆಯ ಒಳಗೆ, ಕಂಬದ ಹಿಂದೆ ಕೂತಿದ್ದವರು ನಮಗೆ ಕಂಡಿರಲಿಲ್ಲ. ಕೈಯಲ್ಲಿ ಬಳೆ ಇರಲಿಲ್ಲ. ಕೊರಳಲ್ಲಿ ಮಫ್ಲರೂ ಇರಲಿಲ್ಲ.

"ಪರಮೇಶಿ, ಅದು ನನ್ನ ದನಿ ಅಲ್ಲಪ್ಪ. ನನಗೆ ಒಂದು ಸಾಲು ಹಾಡಾಕೆ ಬರಂಗಿಲ್ಲ. ಮೊಮ್ಮಗಳಿಗೆ ಜೋಗುಳ ಹೇಳಾಕೂ ಬಿಡ್ಲಿಲ್ಲ ಅವ್ರು. ಬಾಜು ಮನಿಯೋರು ಕೇಳಿಸ್ಕಂಡ್ರೆ ಗೊತ್ತಾಗ್ತತಿ ಅಂತ," ಎಂದರು.

ಪರಮೇಶಿ ದುಃಖದಲ್ಲಿ ಏನೋ ಮಾತಾಡುತ್ತಿದ್ದಾರೆ ಎಂದುಕೊಂಡು ನನ್ನ ಮುಖ ನೋಡಿದ. ಸರೋಜಕ್ಕನೂ ನನ್ನನ್ನೇ ನೋಡಿದರು. "ನೀವಾದ್ರೂ ಹೌದು ಅನ್ರಿ," ಎಂದರು. ಹೌದು ಎಂದೆ. ಯಾರದು ಮತ್ತೆ ಎಂದು ಪರಮೇಶಿ ಕೇಳಿದ. ಹೆಸರು, ಊರು, ಎರಡನ್ನೂ ಹೇಳಿದೆ. ಪರಮೇಶಿ ಕುರ್ಚಿಯೊಂದನ್ನು ಬಿಡಿಸಿ ತಾನೇ ಕೂತುಬಿಟ್ಟ. ಸರೋಜಕ್ಕ, "ಹೊದಿಕೆಯಿಂದ ನನ್ನ ಫೋಟೊ ತೆಗೆದು ಆಯಮ್ಮನ ಹೆಸರು ಹಾಕಿ ಹೊಸದು ಮಾಡ್ರಿ, ನನಗೆ ಅಷ್ಟು ಮಾಡಿಕೊಡ್ರಿ," ಎಂದರು.

ಮರುದಿನವೇ ಕುಪ್ಪಗಡ್ಡೆಗೆ ಹೋದೆ. ನೀಲಮ್ಮ ಶಾಲೆಯಿಂದ ಆಗತಾನೆ ಬಂದಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅದೇ ಜಗಲಿಯ ಮೇಲೆ ಕೂರಿಸಿ, ಟೀ ಕೊಟ್ಟು, ನಾನು ಹೇಳಿದ್ದನ್ನೆಲ್ಲ ಬಾಗಿಲ ಹತ್ತಿರ ನಿಂತು ಕೇಳಿದರು.

"ಅವತ್ತು ನನ್ನ ಹೆಸ್ರು ಅಮಂಗಳ ಆಗಿತ್ತು. ಇವತ್ತು ಆ ಅಕ್ಕಂದು ಅಮಂಗಳ ಆತು ಅಂತ ನನ್ನ ಹೆಸ್ರು ಬೇಕಾತಾ ನಿಮಗೆ?" ಎಂದರು. ಗಟ್ಟಿಯಾಗಿ ಹೇಳಲಿಲ್ಲ. ಅಡುಗೆಯವರು ಉಪ್ಪು ಸಾಲದು ಎನ್ನುವ ಹಾಗೆ ಹೇಳಿದರು.

ನಾನು ಫೋನ್ ತೆಗೆದು ಮೊದಲ ರೆಕಾರ್ಡಿಂಗಿನ ಮೊದಲ ಪದ ಹಾಕಿದೆ.

ತಮ್ಮ ದನಿಯನ್ನು ಪೂರ್ತಿಯಾಗಿ ನೀಲಮ್ಮ ಕೇಳಿದ್ದು ಅದೇ ಮೊದಲು. ನಿಂತವರು ಹೊಸ್ತಿಲ ಮೇಲೆ ಕೂತರು. ದನಿ ಏರಿತು, ತುದಿಯಲ್ಲಿ ನಿಂತಿತು. ಯಾವುದೂ ಬಂದು ಬೀಳಲಿಲ್ಲ. ಇಳಿದು ಮುಗಿಯಿತು. ಆಮೇಲಿನ ಆ ಒಂದು ಉಸಿರಿನ ಮೌನದಲ್ಲಿ, ಮೈಕಿಗೆ ಹತ್ತಿರ ಕೂತಿದ್ದ ಮಾಸ್ಟರ್ ಮೂಗಿನಿಂದ ಗಾಳಿ ಎಳೆದುಕೊಂಡದ್ದು ಕೇಳಿಸಿತು. ಆಮೇಲೆ ವಾದ್ಯ ಬಂತು.

"ಕಾಯ್ತಿದಾರೆ," ಎಂದರು ನೀಲಮ್ಮ.

"ಹೌದ್ರಿ."

"ಕಾಯೋದು ಗೊತ್ತಿತ್ತು ಅಂತ ಆತಲ ಹಂಗಾರೆ."

ನನ್ನ ಹೇಸಿಗೆಯೆಲ್ಲ ಇರುವುದು ಅಲ್ಲಿಯೇ. ಗೊತ್ತಿಲ್ಲದವನು ಮಾಡಿದ್ದರೆ ಅಯ್ಯೋ ಪಾಪ ಎನ್ನಬಹುದಾಗಿತ್ತು. ಆ ಮನುಷ್ಯನಿಗೆ ಗೊತ್ತಿತ್ತು, ನಮಗೆಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ನೀಲಮ್ಮನಿಗೆ ಹಾಗೆ ಅನ್ನಿಸಿದಂತೆ ಕಾಣಲಿಲ್ಲ. ಒಂಬತ್ತು ಪದವನ್ನೂ ಕೇಳಿದರು. ಮುಗಿದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದರು.

"ಇದನ್ನೇ ಮಾಡಿ. ಆ ಇನ್ನೊಂದು ಬೇಡ. ನನ್ನ ಹೆಸ್ರು, ಊರು ಹಾಕಿ. ಅವ್ರ ಹೆಸ್ರೂ ಇರ್ಲಿ. ಇಷ್ಟು ಹೊತ್ತು ಕಾದಿದಾರಲ್ಲ."

ಆಗಲಿ ಎಂದೆ. ನನಗೆ ಹಗುರವಾಯಿತು. ಲೋಟ ಎತ್ತಿ ಟೀ ಕುಡಿಯತೊಡಗಿದೆ. ಮಾಸ್ಟರ್ ಅಳಿಸು ಅಂದಿದ್ದರು, ನಾನು ಅಳಿಸದೆ ಜೋಪಾನವಾಗಿ ಇಟ್ಟುಕೊಂಡಿದ್ದೆ ಎಂದು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ.

ನೀಲಮ್ಮ ನನ್ನನ್ನು ನೋಡಿದರು.

"ಮೊದ್ಲಿಂದಾನೂ ನಿಮ್ಮತ್ರ ಇತ್ತಾ ಇದು?"

"ಇತ್ತು."

"ನಿಮ್ಮ ಮಗಳ ಮದ್ವೆಲೂ ಇತ್ತಾ?"

ಲೋಟ ಕೆಳಗಿಟ್ಟು, "ಇತ್ತು," ಎಂದೆ.

ನೀಲಮ್ಮ ಎದ್ದು ಬಂದು ನನ್ನ ಮುಂದಿನ ಲೋಟವನ್ನು ಎತ್ತಿಕೊಂಡು ಒಳಗೆ ಹೋದರು. ಅದರಲ್ಲಿ ಇನ್ನೂ ಅರ್ಧ ಟೀ ಇತ್ತು.